ಬೇಲಾ ಗುಟ್‌ಮನ್: ಶಾಪದ ಕತೆಗೆ ಮುಂಚಿನ ಆಟಗಾರ

ಓಲೆಗರಿ:

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಯುರೋಪಿನ ಫುಟ್ಬಾಲ್ ಆಟಗಾರರ ಚಿಕ್ಕ ಚಿಕ್ಕ ಪರಿಚಯಗಳನ್ನು ಕನ್ನಡದಲ್ಲಿ ಬರೆಯುವ ಕೆಲಸವನ್ನು ನಾವು ಕೆಲವರು ಹಚ್ಚಿಕೊಂಡಿರುವುದು ಇಲ್ಲಿನ ಹಳಬರಿಗೆ ಗೊತ್ತೇ ಇದೆ. ಈ ಸಲ ನನ್ನ ಪಾಲಿಗೆ ಬಂದಿರುವ ಹೆಸರು ಬೇಲಾ ಗುಟ್‌ಮನ್. ಹೆಸರು ಹೇಳಿದ ಕೂಡಲೇ ಕೇಳಿದವರೆಲ್ಲ ಒಂದೇ ಕತೆಯನ್ನು ಶುರುಮಾಡುತ್ತಾರೆ: ಲಿಸ್ಬನ್ನಿನ ಬೆನ್‌ಫಿಕಾ ತಂಡಕ್ಕೆ 1961 ಮತ್ತು 1962ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ತರಬೇತುದಾರ, ಹೆಚ್ಚಿನ ಸಂಬಳ ಕೇಳಿದಾಗ ಕೊಡದಿದ್ದುದಕ್ಕೆ ಮುನಿದು, ಇನ್ನು ನೂರು ವರ್ಷ ನೀವು ಯುರೋಪಿನ ಕಪ್ ಗೆಲ್ಲುವುದಿಲ್ಲವೆಂದು ಶಾಪ ಹಾಕಿ ಹೊರಟುಹೋದ ಕತೆ. ಅದನ್ನು ನಾನು ಬರೆಯಬೇಕಾಗಿಲ್ಲ. ಯಾರು ಬೇಕಾದರೂ ಬರೆಯುತ್ತಾರೆ.

ನನಗೆ ಬೇಕಾಗಿರುವುದು 1899ರ ಜನವರಿ 27ರಂದು ಬುಡಾಪೆಸ್ಟಿನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, 1933ರ ಹೊತ್ತಿಗೆ ಬೂಟು ಕಳಚಿಟ್ಟ ಆಟಗಾರ. ತಂದೆ ಅಬ್ರಹಾಂ, ತಾಯಿ ಎಸ್ಟರ್ ಇಬ್ಬರೂ ನೃತ್ಯ ಶಿಕ್ಷಕರು. ಹದಿನಾರನೆಯ ವಯಸ್ಸಿಗೆ ಮಗನೂ ನೃತ್ಯ ಕಲಿಸುವ ಅರ್ಹತೆ ಪಡೆದಿದ್ದ. ತೊರೆಕ್ವೆಶ್ ಎಂಬ ಕ್ಲಬ್ಬಿನಲ್ಲಿ ಆಟ ಆರಂಭಿಸಿ, ಯುದ್ಧ ಮುಗಿದ ಮೇಲೆ ಎಂಟಿಕೆ ತಂಡ ಸೇರಿದ. 1922ರಲ್ಲಿ ವಿಯೆನ್ನಾದ ಹಕೋವಾ ತಂಡಕ್ಕೆ ಹೋದ. 1926ರಿಂದ 1932ರವರೆಗೆ ನ್ಯೂಯಾರ್ಕಿನಲ್ಲಿದ್ದ. ಕೊನೆಗೆ ಮರಳಿ ಹಕೋವಾಗೆ ಬಂದ. ಇಷ್ಟು ಎಲುಬಿನ ಗೂಡು ನನ್ನ ಬಳಿ ಇದೆ.

ಎರಡು ಕಡೆ ತೊಡಕಾಗಿದೆ. ಮೊದಲನೆಯದು, ಪರಿಚಯದ ಮೊದಲ ಸಾಲಿನಲ್ಲಿ ಈತನನ್ನು ಯಾವ ದೇಶದ ಆಟಗಾರನೆಂದು ಕರೆಯಬೇಕು? ಎರಡನೆಯದು, ಎಲ್ಲೂ ನಿಲ್ಲದ ಅಲೆಮಾರಿ ಎಂಬ ಮಾತನ್ನು ಈತನ ಬಗ್ಗೆ ಬರೆದವರೆಲ್ಲ ಬಳಸುತ್ತಾರೆ. ಅದು ಸ್ವಭಾವವೋ ಅಥವಾ ಕಾಲ ಹೇರಿದ್ದೋ ಎಂಬುದನ್ನು ನಾನು ತೀರ್ಮಾನಿಸಲಾರದೆ ಕೂತಿದ್ದೇನೆ. ಬಲ್ಲವರು ತಿದ್ದಿ ಮುನ್ನಡೆಸಬೇಕು.

ಹಳೇ ಹಾಫ್‌ಬ್ಯಾಕ್:

ಓಲೆಗರಿಯವರೇ, ದೇಶದ ಪ್ರಶ್ನೆ ಇರಲಿ, ಮೊದಲು ಆತ ಮೈದಾನದಲ್ಲಿ ನಿಲ್ಲುತ್ತಿದ್ದ ಜಾಗವನ್ನು ಸರಿಯಾಗಿ ಬರೆಯಿರಿ. ಆತ ಸೆಂಟರ್ ಹಾಫ್. ಇಂದಿನ ಓದುಗರಿಗೆ ಸೆಂಟರ್ ಹಾಫ್ ಎಂದರೆ ಹಿಂದೆ ನಿಂತು ಚೆಂಡನ್ನು ಒದ್ದು ಹೊರಹಾಕುವವನು ಎಂಬ ಅರ್ಥ ಬರುತ್ತದೆ, ಏಕೆಂದರೆ ಆ ಹೆಸರು ಈಗ ಆ ಕೆಲಸಕ್ಕೆ ಅಂಟಿಕೊಂಡಿದೆ. ಗುಟ್‌ಮನ್ ಕಾಲದ ತಂಡಗಳು ಹಿಂದೆ ಇಬ್ಬರು ಫುಲ್‌ಬ್ಯಾಕ್, ನಡುವೆ ಮೂವರು ಹಾಫ್‌ಬ್ಯಾಕ್, ಮುಂದೆ ಐವರು ಫಾರ್ವರ್ಡ್ ಎಂಬ ಲೆಕ್ಕದಲ್ಲಿ ಆಡುತ್ತಿದ್ದವು. ಆ ಮೂವರಲ್ಲಿ ನಟ್ಟನಡುವೆ ಇರುವವನೇ ಸೆಂಟರ್ ಹಾಫ್. ಎದುರಾಳಿಯ ದಾಳಿ ಮುರಿಯುವುದೂ ಅವನೇ, ಚೆಂಡು ಸಿಕ್ಕ ಕೂಡಲೇ ಎಡಕ್ಕೋ ಬಲಕ್ಕೋ ಹಂಚಿ ತಾನೂ ದಾಳಿಯ ಬೆನ್ನಿಗೆ ನಿಲ್ಲುವುದೂ ಅವನೇ. ಇಡೀ ಆಟ ಅವನ ಸುತ್ತ ತಿರುಗುತ್ತಿತ್ತು.

ನಾನು ಬೆಂಗಳೂರಿನ ಕಾರ್ಖಾನೆಯೊಂದರ ತಂಡಕ್ಕೆ ಹಾಫ್‌ಬ್ಯಾಕ್ ಆಗಿ ಆಡುವ ಹೊತ್ತಿಗೆ ಆ ಪದ್ಧತಿ ಸತ್ತು ಕಾಲವಾಗಿತ್ತು, ಆದರೂ ನಮ್ಮ ತರಬೇತುದಾರರು ಹಳೆಯ ಕಾಲದವರು. ಜಲ್ಲಿ ಹಾಸಿದಂತಿದ್ದ ಮೈದಾನದಲ್ಲಿ, ಚೆಂಡು ಬರುವ ಮುಂಚೆಯೇ ಭುಜದ ಮೇಲಿಂದ ಹಿಂದಕ್ಕೊಮ್ಮೆ ನೋಡು, ಪಾದವನ್ನು ಅರ್ಧ ತಿರುಗಿಸಿಟ್ಟುಕೋ ಎಂದು ನನಗೆ ನೂರು ಸಲ ಹೇಳಿರಬಹುದು. ಪಾದ ಅರ್ಧ ತಿರುಗಿದ್ದರೆ ಚೆಂಡು ತಾಗಿದ ಮರುಕ್ಷಣ ಮೈಯೂ ತಿರುಗಿರುತ್ತದೆ. ಇಲ್ಲದಿದ್ದರೆ ತಿರುಗುವುದಕ್ಕೇ ಎರಡು ಹೆಜ್ಜೆ ಬೇಕು, ಅಷ್ಟರಲ್ಲಿ ಎದುರಾಳಿ ಮೊಣಕಾಲಿಗೆ ಬಂದಿರುತ್ತಾನೆ. ಆ ಕೆಲಸ ಮಾಡಿದವನಾಗಿ ಹೇಳುತ್ತೇನೆ, ತಂದೆತಾಯಿ ನೃತ್ಯ ಶಿಕ್ಷಕರು ಎಂಬ ವಿವರವನ್ನು ಅಲಂಕಾರಕ್ಕೆಂದು ಬರೆಯಬೇಡಿ. ಸೆಂಟರ್ ಹಾಫ್‌ನ ಬದುಕು ಪಾದ ಇಡುವುದರಲ್ಲೇ ಇದೆ.

ಎಂಟಿಕೆಯ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನ ಜಿಮ್ಮಿ ಹೋಗನ್ ಗುಟ್‌ಮನ್‌ಗೆ ಆಟ ಕಲಿಸಿದರೆಂದು ಹಲವು ಕಡೆ ಬರೆದಿರುತ್ತಾರೆ. ಹೋಗನ್ ಯುದ್ಧ ಶುರುವಾದಾಗ ವಿಯೆನ್ನಾದಲ್ಲಿ ಸಿಕ್ಕಿಹಾಕಿಕೊಂಡು, ಅಲ್ಲಿಂದ ಬುಡಾಪೆಸ್ಟಿಗೆ ಬಂದು, ಯುದ್ಧದ ವರ್ಷಗಳಲ್ಲಿ ಎಂಟಿಕೆಗೆ ನೆಲದ ಮೇಲೆ ಚಿಕ್ಕ ಚಿಕ್ಕ ಪಾಸುಗಳಲ್ಲಿ ಆಡುವುದನ್ನು ರೂಢಿ ಮಾಡಿಸಿದವರು. ಗುಟ್‌ಮನ್ ಸೇರುವ ಹೊತ್ತಿಗೆ ಅವರು ಊರಿಗೆ ಮರಳಿದ್ದರು. ಆದರೆ ಗುರು ಹೋದರೂ ಮಠ ಉಳಿದಿತ್ತು. ಆ ತಂಡ ಲೀಗ್ ಗೆಲ್ಲುವುದು ಆಗ ಸುದ್ದಿಯೇ ಅಲ್ಲ ಎನ್ನುವಂತಿತ್ತು. 1921ರ ಪ್ರಶಸ್ತಿಯಲ್ಲಿ ಗುಟ್‌ಮನ್‌ಗೂ ಪಾಲಿದೆ. ಅದೇ ವರ್ಷ ಜೂನ್ 5ರಂದು ಜರ್ಮನಿಯ ಎದುರು ರಾಷ್ಟ್ರೀಯ ತಂಡದಲ್ಲಿ ಮೊದಲ ಪಂದ್ಯ ಆಡಿ ಗೋಲನ್ನೂ ಹೊಡೆದ. ಹಂಗೇರಿ 3–0 ಅಂತರದಿಂದ ಗೆದ್ದಿತು.

ಶಾಲ್ಮಲಿ:

ಓಲೆಗರಿಯವರ ಎರಡನೆಯ ಪ್ರಶ್ನೆಗೆ ಉತ್ತರ 1922ರಲ್ಲೇ ಇದೆ ಎಂದು ನನ್ನ ಎಣಿಕೆ. ಇಪ್ಪತ್ತಮೂರು ವರ್ಷದ ಹುಡುಗ, ದೇಶದ ಅತ್ಯುತ್ತಮ ತಂಡದಲ್ಲಿದ್ದಾನೆ, ರಾಷ್ಟ್ರೀಯ ತಂಡದ ಅಂಗಿ ತೊಟ್ಟಿದ್ದಾನೆ, ಹುಟ್ಟೂರಿನಲ್ಲೇ ಇದ್ದಾನೆ. ಅಂಥವನು ಎದ್ದು ಹೊರಟನೆಂದರೆ ಊರಿನಲ್ಲಿ ಏನಾಗುತ್ತಿತ್ತು ಎಂದು ನೋಡಬೇಕಾಗುತ್ತದೆ. 1919ರಲ್ಲಿ ಹಂಗೇರಿಯ ಕಮ್ಯುನಿಸ್ಟ್ ಬೇಲಾ ಕುನ್ ನೇತೃತ್ವದ ಸೋವಿಯತ್ ಮಾದರಿಯ ಸರ್ಕಾರ ಕೆಲವೇ ತಿಂಗಳು ನಡೆದು ಉರುಳಿತು. ಅದರ ಬೆನ್ನಿಗೆ ಮುಂದೆ ದೇಶದ ಆಡಳಿತ ಹಿಡಿದ ಅಡ್ಮಿರಲ್ ಹೋರ್ಟಿಯ ಪಕ್ಷದ ಸೇನಾ ತುಕಡಿಗಳು ಸೇಡು ತೀರಿಸಿಕೊಳ್ಳಲು ಇಳಿದಾಗ ಕಮ್ಯುನಿಸ್ಟರ ಜೊತೆಗೆ ಯಹೂದಿಗಳನ್ನೂ ಹುಡುಕಿ ಹೊಡೆದರು, ಕೊಂದರು. 1920ರ ಜೂನ್‌ನಲ್ಲಿ ಟ್ರಿಯಾನೋನ್ ಒಪ್ಪಂದದಿಂದ ದೇಶ ತನ್ನ ನೆಲದ ಮೂರನೆಯ ಎರಡು ಪಾಲನ್ನು ಕಳೆದುಕೊಂಡಿತು. ಸೋತು ಕುಗ್ಗಿದ ದೇಶಕ್ಕೆ ಹೊಣೆ ಹೊರಿಸಲು ಯಾರಾದರೂ ಬೇಕಿತ್ತು. ಅದೇ ವರ್ಷ, ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನು ಬಂದಿತು.

ಎಂಟಿಕೆ 1888ರಲ್ಲಿ ಸ್ಥಾಪನೆಯಾದ ಕ್ಲಬ್. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಬುಡಾಪೆಸ್ಟಿನ ಮಧ್ಯಮ ವರ್ಗದ ಯಹೂದಿಗಳ ಪಾಲು ದೊಡ್ಡದು, ಎದುರಾಳಿ ತಂಡಗಳ ಬೆಂಬಲಿಗರು ಅದನ್ನು ಯಹೂದಿ ತಂಡವೆಂದೇ ಬೈಯುತ್ತಿದ್ದರು. ಆದರೆ ಅದರ ಹೆಸರಿನಲ್ಲೇ ಹಂಗೇರಿಯನ್ನರ ವ್ಯಾಯಾಮ ಬಳಗ ಎಂಬ ಅರ್ಥವಿದೆ. ನಾವು ಈ ದೇಶದವರೇ, ಎಲ್ಲರೊಳಗೆ ಒಂದಾಗುತ್ತೇವೆ ಎಂಬ ನಂಬಿಕೆಯ ಮೇಲೆ ನಿಂತ ಕ್ಲಬ್ ಅದು. ಆ ನಂಬಿಕೆಗೆ 1919ರ ನಂತರ ಬಿದ್ದ ಪೆಟ್ಟೇ ಹಲವು ಯಹೂದಿ ಆಟಗಾರರನ್ನು ವಿಯೆನ್ನಾದ ರೈಲು ಹತ್ತಿಸಿತು.

ಅನುಮಾನಪ್ಪ:

ಶಾಲ್ಮಲಿಯವರು ಹೇಳಿದ ಇತಿಹಾಸದಲ್ಲಿ ತಪ್ಪು ಹುಡುಕಲಾರೆ, ಆದರೆ ಅದನ್ನು ಒಬ್ಬ ಆಟಗಾರನ ತಲೆಯೊಳಗೆ ಹಾಕುವಾಗ ಸ್ವಲ್ಪ ಎಚ್ಚರ ಬೇಕು ಎನ್ನುತ್ತೇನೆ. ಎಂಟಿಕೆಯ ಹಿಂದಿನ ಸೆಂಟರ್ ಹಾಫ್ ಫೆರೆಂಟ್ಸ್ ನ್ಯೂಲ್ ರುಮೇನಿಯಾಕ್ಕೆ ಹೋಗಿದ್ದರಿಂದಲೇ ಗುಟ್‌ಮನ್‌ಗೆ ಆ ಜಾಗ ಸಿಕ್ಕಿದ್ದು. ನ್ಯೂಲ್ ಮರಳಿ ಬಂದ ಮೇಲೆ ಗುಟ್‌ಮನ್‌ನ ಜಾಗ ಅಲುಗಾಡಿತು. ತಂಡದ ಹೊರಗೆ ಕೂರುವುದಕ್ಕೆ ಆಗದ ಯುವಕ ಬೇರೆ ತಂಡ ಹುಡುಕಿಕೊಂಡ. ಇದು ಯಾವ ಊರಿನಲ್ಲೂ ನಡೆಯುವ ಸಂಗತಿ. ಎಲ್ಲವನ್ನೂ ದೊಡ್ಡ ಇತಿಹಾಸದ ಗಾಣಕ್ಕೆ ಹಾಕಿ ಹಿಂಡಿದರೆ ಆಟಗಾರ ಉಳಿಯುವುದಿಲ್ಲ, ಬರಿಯ ಸಂತ್ರಸ್ತ ಉಳಿಯುತ್ತಾನೆ.

ಶಾಲ್ಮಲಿ:

ನಿಮ್ಮ ಎಚ್ಚರಿಕೆ ನ್ಯಾಯವಾದದ್ದೇ. ನ್ಯೂಲ್ ವಿಷಯವನ್ನು ನಾನು ಬಿಟ್ಟದ್ದು ತಪ್ಪು. ಆದರೆ ಜಾಗ ಹೋಯಿತೆಂದಾಗ ಬುಡಾಪೆಸ್ಟಿನಲ್ಲೇ ಇನ್ನೊಂದು ತಂಡ ಸೇರದೆ ಗಡಿ ದಾಟಿದ್ದೇಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮನೆ ಬಿಡಲು ಒಂದು ಕಾರಣ ಸಾಕಾಗುವುದು ಅಪರೂಪ. ಓಲೆಗರಿಯವರು ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯಲಿ, ಯಾವುದನ್ನೂ ಕೆಳಗಿಡದೆ.

ಡ್ಯಾನ್ಯೂಬ್ ದಂಡೆ:

ನಾನು ಕೆಲಸದ ನಿಮಿತ್ತ ವಿಯೆನ್ನಾದಲ್ಲಿದ್ದೇನೆ. ಮನೆ ಇರುವುದು ಎರಡನೆಯ ಜಿಲ್ಲೆಯಲ್ಲಿ, ಅಂದರೆ ಪ್ರಾಟರ್ ಉದ್ಯಾನದ ಮಗ್ಗುಲಲ್ಲಿ. ಗುಟ್‌ಮನ್ ಬಂದಾಗ ಈ ನಗರದಲ್ಲಿ ಸುಮಾರು 2 ಲಕ್ಷ ಯಹೂದಿಗಳಿದ್ದರು, ಊರಿನ ಹತ್ತರಲ್ಲೊಂದು ಪಾಲು. ಅವರಲ್ಲಿ ಬಹಳಷ್ಟು ಮಂದಿಯ ವಾಸ ಇದೇ ಜಿಲ್ಲೆಯಲ್ಲಿ. ಹಕೋವಾ ಎಂದರೆ ಹೀಬ್ರೂ ಭಾಷೆಯಲ್ಲಿ ಶಕ್ತಿ. 1909ರಲ್ಲಿ ಅದನ್ನು ಕಟ್ಟಿದವರಲ್ಲಿ ಇಗ್ನಾಟ್ಸ್ ಕ್ಯೋರ್ನರ್ ಎಂಬ ದಂತವೈದ್ಯರೂ ಫ್ರಿಟ್ಸ್ ಲೋನರ್ ಎಂಬ ಕವಿಯೂ ಇದ್ದರು. ಇದೇ ಲೋನರ್ ಮುಂದೆ ಫ್ರಾಂಟ್ಸ್ ಲೆಹಾರ್‌ನ ಸಂಗೀತ ರೂಪಕಗಳಿಗೆ ಸಾಹಿತ್ಯ ಬರೆದು ಹೆಸರಾದವರು, 1942ರಲ್ಲಿ ಆಶ್ವಿಟ್ಸ್‌ನಲ್ಲಿ ಸತ್ತವರು. ಓದಿ ಓದಿ ಬೆನ್ನು ಬಾಗಿದ ಜನ ಎಂಬ ಮೂದಲಿಕೆಗೆ ಮೈ ಹುರಿಗೊಳಿಸಿ ಉತ್ತರ ಕೊಡಬೇಕೆಂದು ಮಾಕ್ಸ್ ನೋರ್ಡೌ 1898ರ ಜಿಯೋನಿಸ್ಟ್ (ಯಹೂದಿಗಳಿಗೆ ಸ್ವಂತ ನಾಡು ಬೇಕೆಂಬ ಚಳವಳಿಯ) ಸಮ್ಮೇಳನದಲ್ಲಿ ಆಡಿದ ಮಾತು ಈ ಕ್ಲಬ್ಬಿನ ಬೀಜ. ಎಂಟಿಕೆ ಎಲ್ಲರೊಳಗೆ ಒಂದಾಗಲು ಹೊರಟಿದ್ದರೆ, ಹಕೋವಾ ನೀಲಿ ಬಿಳಿ ಅಂಗಿಯ ಎದೆಯ ಮೇಲೆ ಯಹೂದಿಗಳ ಗುರುತಾದ ದಾವೀದನ ನಕ್ಷತ್ರ ಹೊಲಿಸಿಕೊಂಡು, ನಾವು ಇಂಥವರು, ನೋಡಿಕೊಳ್ಳಿ ಎನ್ನುತ್ತಿತ್ತು. ಆಟಗಾರರೆಲ್ಲರೂ ಯಹೂದಿಗಳೇ. ಪಂದ್ಯ ಮುಗಿದ ಮೇಲೆ ಹೊಡೆದಾಟಕ್ಕೆ ಬರುವವರಿಂದ ಆಟಗಾರರನ್ನು ಕಾಪಾಡಲು ಕ್ಲಬ್ಬಿನ ಕುಸ್ತಿಪಟುಗಳೇ ಜೊತೆಗೆ ಹೋಗುತ್ತಿದ್ದರು.

ಗುಟ್‌ಮನ್ ಬಂದ ವರ್ಷ ಆಸ್ಟ್ರಿಯಾದ ಕ್ರೋನ್ ನೋಟು ಬೆಲೆ ಕಳೆದುಕೊಂಡು ಕಸವಾಗುತ್ತಿತ್ತು. ಎರಡು ವರ್ಷಗಳಲ್ಲಿ ಹಣದ ವ್ಯವಸ್ಥೆ ಸ್ವಲ್ಪ ನೆಲೆಗೆ ಬಂದಿತು. 1924ರ ಶರತ್ಕಾಲದಲ್ಲಿ ವಿಯೆನ್ನಾದ ಕ್ಲಬ್ಬುಗಳು ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡುವ ವೃತ್ತಿಪರ ಲೀಗ್ ಶುರುಮಾಡಿದವು. ಬ್ರಿಟನ್ನಿನಾಚೆ ಯುರೋಪಿನಲ್ಲಿ ಅಂಥದ್ದು ಅದೇ ಮೊದಲು. ಆ ಮೊದಲ ಋತುವಿನ ಚಾಂಪಿಯನ್ ಹಕೋವಾ, ಅದರ ನಟ್ಟನಡುವಿನ ಆಟಗಾರ ಗುಟ್‌ಮನ್.

ಪ್ರಶಸ್ತಿ ನಿರ್ಧಾರವಾದ ವಿಯೆನ್ನಾ ಸ್ಪೋರ್ಟ್ ಕ್ಲಬ್ ಎದುರಿನ ಪಂದ್ಯವನ್ನು ಓಲೆಗರಿಯವರು ದಯವಿಟ್ಟು ಎರಡು ಸಾಲಿನಲ್ಲಿ ಮುಗಿಸಬಾರದು. ಗುಟ್‌ಮನ್‌ನಂತೆ ಹಂಗೇರಿಯಿಂದಲೇ ಬಂದಿದ್ದ ಗೋಲಿ ಶಾಂಡೋರ್ ಫಾಬಿಯನ್‌ನ ತೋಳು ಪಂದ್ಯದ ನಡುವೆ ಮುರಿಯಿತು. ಆಗಿನ ನಿಯಮದಲ್ಲಿ ಬದಲಿ ಆಟಗಾರ ಎಂಬುದಿಲ್ಲ. ಒಬ್ಬ ಹೋದರೆ ಉಳಿದವರು ಹತ್ತೇ ಮಂದಿ. ಫಾಬಿಯನ್ ಮೈದಾನ ಬಿಡಲಿಲ್ಲ. ತೋಳನ್ನು ಕುತ್ತಿಗೆಗೆ ಜೋಳಿಗೆ ಕಟ್ಟಿ ಅದರಲ್ಲಿಟ್ಟುಕೊಂಡು, ಗೋಲಿಯ ಅಂಗಿಯನ್ನು ಮುಂದಿನ ಸಾಲಿನ ಆಟಗಾರನೊಬ್ಬನಿಗೆ ಕೊಟ್ಟು, ತಾನು ಫಾರ್ವರ್ಡ್ ಜಾಗಕ್ಕೆ ಹೋಗಿ ನಿಂತ. ಕೆಲವೇ ನಿಮಿಷಗಳಲ್ಲಿ ಚೆಂಡು ಅವನ ಕಾಲಿಗೇ ಬಂತು, ಅವನು ಒದ್ದದ್ದು ಗೋಲಾಯಿತು. ಹಕೋವಾ 3, ಸ್ಪೋರ್ಟ್ ಕ್ಲಬ್ 2. ತೋಳು ಮುರಿದ ಗೋಲಿಯೊಬ್ಬ ಗೋಲು ಹೊಡೆದು ಚಾಂಪಿಯನ್ ಪಟ್ಟ ತಂದನೆಂದರೆ ಸಿನಿಮಾದವರೂ ಬೇಡವೆನ್ನುತ್ತಾರೆ, ಆದರೆ ನಡೆದದ್ದು ಹಾಗೆ.

ಅನುಮಾನಪ್ಪ:

ಡ್ಯಾನ್ಯೂಬ್ ದಂಡೆಯವರು ವೆಸ್ಟ್‌ಹ್ಯಾಂ ಪಂದ್ಯದ ಸುದ್ದಿ ಎತ್ತಲಿಲ್ಲ, ಬೇರೆ ಯಾರಾದರೂ ಎತ್ತುವ ಮುಂಚೆ ನಾನೇ ಹೇಳಿಬಿಡುತ್ತೇನೆ. 1923ರ ಸೆಪ್ಟೆಂಬರ್‌ನಲ್ಲಿ ಹಕೋವಾ ಲಂಡನ್ನಿಗೆ ಹೋಗಿ ವೆಸ್ಟ್‌ಹ್ಯಾಂ ತಂಡವನ್ನು ಅವರದೇ ಮೈದಾನದಲ್ಲಿ 5–0 ಅಂತರದಿಂದ ಸೋಲಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ನಡೆದ ಮೊದಲ ಎಫ್‌ಎ ಕಪ್ (ಇಂಗ್ಲೆಂಡಿನ ಪ್ರಮುಖ ಕಪ್ ಪಂದ್ಯಾವಳಿ) ಫೈನಲ್ ಆಡಿದ ತಂಡ ಅದು. ಆದ್ದರಿಂದ ಈ ಗೆಲುವನ್ನು ಎಲ್ಲರೂ ಎದೆಯುಬ್ಬಿಸಿ ಬರೆಯುತ್ತಾರೆ. ಆದರೆ ಆ ದಿನ ವೆಸ್ಟ್‌ಹ್ಯಾಂ ಕಣಕ್ಕಿಳಿಸಿದ್ದು ಬಹುಪಾಲು ಮೀಸಲು ಆಟಗಾರರನ್ನು. ಐದು ಗೋಲು ಐದು ಗೋಲೇ, ಕಡಿಮೆ ಮಾಡುತ್ತಿಲ್ಲ. ಮೀಸಲು ತಂಡ ಎಂಬ ಎರಡು ಪದ ಸೇರಿಸಿದರೆ ಬರಹದ ಮರ್ಯಾದೆ ಹೆಚ್ಚುತ್ತದೆ, ಅಷ್ಟೇ.

ಹಳೇ ಹಾಫ್‌ಬ್ಯಾಕ್:

ಇಲಿಗಳ ಪ್ರಸಂಗ ಬಾರದೆ ಗುಟ್‌ಮನ್‌ನ ಬರಹ ಮುಗಿಯುವಂತಿಲ್ಲ, ಆದ್ದರಿಂದ ಅದನ್ನು ಎಲ್ಲಿಡಬೇಕೆಂದು ಹೇಳುತ್ತೇನೆ. 1924ರ ಮೇ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ಹಂಗೇರಿ ತಂಡದಲ್ಲಿ ಗುಟ್‌ಮನ್ ಇದ್ದ. ತಂಡದ ಜೊತೆ ಹೊರಟ ಅಧಿಕಾರಿಗಳ ಸಂಖ್ಯೆ ಆಟಗಾರರಿಗಿಂತ ಹೆಚ್ಚು. ಅವರು ಆರಿಸಿದ ವಸತಿಗೃಹ ಮೋಮಾರ್ತ್ರ್ ಬಡಾವಣೆಯಲ್ಲಿ. ಸಂಜೆಯ ಮೋಜಿಗೆ ಅಧಿಕಾರಿಗಳಿಗೆ ಹತ್ತಿರ, ರಾತ್ರಿ ನಿದ್ದೆ ಮಾಡಬೇಕಾದ ಆಟಗಾರರಿಗೆ ಗದ್ದಲ. ಮೊದಲ ಪಂದ್ಯದಲ್ಲಿ ಪೋಲೆಂಡನ್ನು 5–0 ಅಂತರದಿಂದ ಸೋಲಿಸಿದ ತಂಡ ಎರಡನೆಯದರಲ್ಲಿ ಈಜಿಪ್ಟಿನ ಎದುರು 0–3 ಅಂತರದಲ್ಲಿ ಸೋತು ಮನೆಗೆ ಮರಳಿತು. ವಸತಿಗೃಹದಲ್ಲಿ ಇಲಿಗಳ ಕಾಟವೂ ಇತ್ತಂತೆ. ಗುಟ್‌ಮನ್ ಸತ್ತ ಇಲಿಗಳನ್ನು ಅಧಿಕಾರಿಗಳ ಕೋಣೆಯ ಬಾಗಿಲುಗಳಿಗೆ ಕಟ್ಟಿದ ಎಂಬುದು ಪ್ರಸಿದ್ಧ ಕತೆ. ಆಮೇಲೆ ಹಂಗೇರಿಯ ರಾಷ್ಟ್ರೀಯ ತಂಡಕ್ಕೆ ಆತ ಮತ್ತೆಂದೂ ಆಡಲಿಲ್ಲ.

ಇದನ್ನು ಮುಂಗೋಪಿಯ ಚೇಷ್ಟೆ ಎಂದು ಬರೆದು ಮುಂದೆ ಹೋಗುವುದು ಸುಲಭ. ನಾನು ಹಾಗೆ ಓದುವುದಿಲ್ಲ. ನಾವು ಹೊರ ಊರಿನ ಪಂದ್ಯಾವಳಿಗೆ ಹೋದಾಗ, ತಂಡದ ಮುಖಂಡರಿಗೆ ಹಾಸಿಗೆ, ನಮಗೆ ಕಲ್ಯಾಣ ಮಂಟಪದ ನೆಲ. ಬೆಳಿಗ್ಗೆ ಸೊಂಟ ನೆಟ್ಟಗಾಗದೆ ಮೈದಾನಕ್ಕಿಳಿದ ದಿನ ನನಗಿನ್ನೂ ನೆನಪಿದೆ. ಬಾಯಿ ಬಿಡುವ ಧೈರ್ಯ ನಮ್ಮಲ್ಲಿ ಒಬ್ಬನಿಗೂ ಇರಲಿಲ್ಲ, ಏಕೆಂದರೆ ಮುಂದಿನ ಪಟ್ಟಿ ಬರೆಯುವವರು ಅವರೇ. ಗುಟ್‌ಮನ್‌ಗೂ ಪಟ್ಟಿ ಬರೆಯುವವರು ಯಾರೆಂದು ಗೊತ್ತಿತ್ತು. ಆಟವನ್ನು ಹೊಟ್ಟೆಪಾಡಿನ ಕೆಲಸವಾಗಿ ಕಂಡ ಮನುಷ್ಯ, ಅದನ್ನು ವಿಹಾರಯಾತ್ರೆಯಾಗಿ ಕಂಡವರ ಬಾಗಿಲಿಗೆ ಕಟ್ಟಿದ ಚೀಟಿ ಅದು. ಕಾಗದದ ಬದಲು ಇಲಿ ಬಳಸಿದ್ದಾನೆ.

ಓಲೆಗರಿ:

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಹೊತ್ತು ಓದಿ ಅಮೆರಿಕದ ಭಾಗವನ್ನು ಬರೆದುಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ.

ಆಸ್ಟ್ರಿಯಾದ ಪಟ್ಟ ಗೆದ್ದ ಮರುವರ್ಷ, 1926ರ ವಸಂತದಲ್ಲಿ, ಹಕೋವಾ ಅಮೆರಿಕ ಪ್ರವಾಸಕ್ಕೆ ಹೊರಟಿತು. ನ್ಯೂಯಾರ್ಕಿನಲ್ಲಿ ಯಹೂದಿ ವಲಸೆಗಾರರು ಲಕ್ಷಗಟ್ಟಲೆ ಇದ್ದರು. ಯುರೋಪಿನ ಚಾಂಪಿಯನ್ ತಂಡವೊಂದು ದಾವೀದನ ನಕ್ಷತ್ರ ತೊಟ್ಟು ಬರುತ್ತದೆಂಬುದು ಅವರಿಗೆ ಫುಟ್ಬಾಲಿಗಿಂತ ದೊಡ್ಡ ವಿಷಯ. ಮೇ 1ರಂದು ಪೋಲೋ ಗ್ರೌಂಡ್ಸ್ ಬೇಸ್‌ಬಾಲ್ ಮೈದಾನದಲ್ಲಿ, ಅಲ್ಲಿನ ಲೀಗ್ ಆಟಗಾರರಿಂದ ಆರಿಸಿದ ತಂಡದ ಎದುರು ಹಕೋವಾ ಆಡಿದ ಪಂದ್ಯಕ್ಕೆ 46,000 ಜನ ಸೇರಿದರು. ಅಮೆರಿಕದಲ್ಲಿ ಫುಟ್ಬಾಲ್ ಪಂದ್ಯವೊಂದು ಆ ಸಂಖ್ಯೆಯನ್ನು ಮೀರಿಸಲು 1970ರ ದಶಕವೇ ಬರಬೇಕಾಯಿತು. ಹಕೋವಾ 0–3 ಅಂತರದಲ್ಲಿ ಸೋತಿತು, ಆದರೆ ಸೋಲನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಆಟಗಾರರ ಕಣ್ಣಿಗೆ ಬಿದ್ದದ್ದು ಎರಡು ಸಂಗತಿ. ಅಲ್ಲಿನ ಕ್ಲಬ್ಬುಗಳು ಕೊಡಲು ಮುಂದಾದ ಡಾಲರ್ ಸಂಬಳ ಒಂದು. ಮೈದಾನದಿಂದ ಹೊರಬರುವಾಗ ಕುಸ್ತಿಪಟುಗಳ ಕಾವಲು ಬೇಕಾಗದಿದ್ದುದು ಇನ್ನೊಂದು. ಪ್ರವಾಸ ಮುಗಿದಾಗ ತಂಡದ ಬಹಳಷ್ಟು ಮಂದಿ ಅಮೆರಿಕದಲ್ಲೇ ನೆಲೆ ಹುಡುಕಿಕೊಂಡರು. ವಿಯೆನ್ನಾದ ಹಕೋವಾ ಮತ್ತೆಂದೂ ಚಾಂಪಿಯನ್ ಆಗಲಿಲ್ಲ. ಗುಟ್‌ಮನ್ ನ್ಯೂಯಾರ್ಕ್ ಜೈಂಟ್ಸ್ ಎಂಬ ತಂಡ ಸೇರಿದ (ಬೇಸ್‌ಬಾಲ್ ತಂಡವಲ್ಲ, ಅದೇ ಹೆಸರಿನ ಫುಟ್ಬಾಲ್ ತಂಡ). 1928ರಲ್ಲಿ ಅಲ್ಲಿನ ಲೀಗಿಗೂ ರಾಷ್ಟ್ರೀಯ ಸಂಸ್ಥೆಗೂ ಜಗಳ ಹತ್ತಿ ಫುಟ್ಬಾಲ್ ಎರಡು ಹೋಳಾದಾಗ, ಹಳೆಯ ಸಂಗಾತಿಗಳೆಲ್ಲ ಸೇರಿ ನ್ಯೂಯಾರ್ಕ್ ಹಕೋವಾ ಎಂಬ ತಂಡ ಕಟ್ಟಿದರು. 1929ರಲ್ಲಿ ಸೇಂಟ್ ಲೂಯಿಸಿನ ಮ್ಯಾಡಿಸನ್ ಕೆನೆಲ್ ತಂಡವನ್ನು ಎರಡು ಪಂದ್ಯಗಳ ಫೈನಲ್‌ನಲ್ಲಿ ಸೋಲಿಸಿ ರಾಷ್ಟ್ರೀಯ ಚಾಲೆಂಜ್ ಕಪ್ ಗೆದ್ದರು. ಮುಂದೆ ಅದೇ ಬಳಗದ ಎರನೊ ಶ್ವಾರ್ಟ್ಸ್ ನ್ಯೂಯಾರ್ಕ್ ಅಮೆರಿಕನ್ಸ್ ಎಂಬ ಕ್ಲಬ್ಬನ್ನೇ ಸ್ಥಾಪಿಸಿದ.

ಗುಟ್‌ಮನ್ ಅಷ್ಟರಲ್ಲಿ ಹಣ ಕೂಡಿಹಾಕಿ, ಮದ್ಯ ನಿಷೇಧವಿದ್ದ ಆ ಕಾಲದಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದ ಮದ್ಯದಂಗಡಿಯೊಂದರಲ್ಲಿ ಪಾಲು ಹಾಕಿದ್ದ, ಷೇರುಗಳನ್ನೂ ಕೊಂಡಿದ್ದ. 1929ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಕುಸಿದಾಗ ಕೂಡಿಟ್ಟದ್ದು ಹೋಯಿತು. ಫುಟ್ಬಾಲ್ ಕ್ಲಬ್ಬುಗಳೂ ಒಂದೊಂದಾಗಿ ಮುಚ್ಚಿದವು.

ಇಷ್ಟು ಬರೆದ ಮೇಲೆ ನನಗೆ ಅಲೆಮಾರಿ ಎಂಬ ಪದವೇ ಸರಿಯೆನ್ನಿಸುತ್ತಿದೆ. ಬುಡಾಪೆಸ್ಟ್, ವಿಯೆನ್ನಾ, ನ್ಯೂಯಾರ್ಕ್, ಮತ್ತೆ ವಿಯೆನ್ನಾ.

ಅನುಮಾನಪ್ಪ:

ಇಲ್ಲಿ ನಾನು ಖಂಡಿತವಾಗಿ ಒಪ್ಪುವುದಿಲ್ಲ. ಓಲೆಗರಿಯವರೇ, ನೀವೇ ಬರೆದ ವರ್ಷಗಳನ್ನು ಕೂಡಿಸಿ ನೋಡಿ. ಹಕೋವಾದಲ್ಲಿ 1922ರಿಂದ 1926, ನಾಲ್ಕು ವರ್ಷ. ನ್ಯೂಯಾರ್ಕಿನಲ್ಲಿ 1926ರಿಂದ 1932, ಒಂದೇ ಊರಿನಲ್ಲಿ ಆರು ವರ್ಷ. ಅಂಗಿ ಬದಲಾಗಿರಬಹುದು, ಸಂಗಾತಿಗಳು ಬಹುಮಟ್ಟಿಗೆ ಅವರೇ. ಆಮೇಲೆ ಹೋದದ್ದು ಹೊಸ ಕಡೆಗೂ ಅಲ್ಲ, ಬಿಟ್ಟುಬಂದ ಹಳೆಯ ಕ್ಲಬ್ಬಿಗೇ. ಇದು ಅಲೆಮಾರಿಯ ಲೆಕ್ಕವೇ? ಒಂದು ತಂಡದಲ್ಲಿ ಮೂರನೆಯ ವರ್ಷ ಮಾರಕ ಎಂದು ನಂಬಿ, ಎರಡೆರಡು ವರ್ಷಕ್ಕೆ, ಕೆಲವೊಮ್ಮೆ ಎರಡು ತಿಂಗಳಿಗೆ ಕೆಲಸ ಬಿಟ್ಟು ದೇಶದಿಂದ ದೇಶಕ್ಕೆ ತಿರುಗಿದವನು ಎರಡನೆಯ ಮಹಾಯುದ್ಧದ ನಂತರದ ತರಬೇತುದಾರ ಗುಟ್‌ಮನ್. ಆ ಹೆಸರನ್ನು ಹಿಂದಕ್ಕೆಳೆದು ಆಟಗಾರನ ಹಣೆಗೂ ಹಚ್ಚಿದ್ದಾರೆ.

1926ರ ವಿಷಯವಂತೂ ಇನ್ನೂ ಸ್ಪಷ್ಟ. ಒಬ್ಬ ಗುಟ್‌ಮನ್ ಹಡಗಿನಿಂದಿಳಿದು ಓಡಿಹೋದದ್ದಲ್ಲ, ಅರ್ಧ ತಂಡವೇ ಉಳಿದುಕೊಂಡದ್ದು. ಅಷ್ಟು ಜನಕ್ಕೂ ಒಂದೇ ಸಲ ಅಲೆಮಾರಿ ಸ್ವಭಾವ ಬಂತೆಂದು ಹೇಳುವಿರಾ? 1922ರ ಬಗ್ಗೆ ನಾನು ಶಾಲ್ಮಲಿಯವರೊಡನೆ ವಾದ ಮಾಡಿದೆ, ಈಗ ಅವರ ಪಕ್ಕಕ್ಕೇ ಬಂದು ನಿಂತಿದ್ದೇನೆ. ಎರಡು ಕಡೆಯೂ ಹಿಂದಿನಿಂದ ತಳ್ಳಿದ್ದೂ ಇದೆ, ಮುಂದಿನಿಂದ ಎಳೆದದ್ದೂ ಇದೆ. ತಳ್ಳದೆ ಎಳೆಯದೆ ಇದ್ದಾಗ ಮನುಷ್ಯ ನಿಂತಲ್ಲೇ ನಿಂತಿದ್ದಾನೆ.

ಹಳೇ ಹಾಫ್‌ಬ್ಯಾಕ್:

ಆಟದ ದಿಕ್ಕಿನಿಂದಲೂ ಒಂದು ಸೇರಿಸುತ್ತೇನೆ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು; ಅದುವರೆಗೆ ಮುಂದಿನ ಆಟಗಾರ ಮತ್ತು ಗೋಲ್ ಗೆರೆಯ ನಡುವೆ ಎದುರಾಳಿಗಳು ಮೂವರಿರಬೇಕಿತ್ತು, ಆಮೇಲೆ ಇಬ್ಬರಿದ್ದರೆ ಸಾಕಾಯಿತು. ಗೋಲುಗಳ ಮಳೆ ಸುರಿಯಿತು. ಇಂಗ್ಲೆಂಡಿನಲ್ಲಿ ಸೆಂಟರ್ ಹಾಫನ್ನು ಹಿಂದಕ್ಕೆಳೆದು ಇಬ್ಬರು ಫುಲ್‌ಬ್ಯಾಕ್‌ಗಳ ನಡುವೆ ಕಾವಲಿಗೆ ನಿಲ್ಲಿಸಿದರು, ಹರ್ಬರ್ಟ್ ಚಾಪ್‌ಮನ್‌ನ ಆರ್ಸೆನಲ್ ಅದನ್ನೇ ಪದ್ಧತಿ ಮಾಡಿತು. ಮಧ್ಯ ಯುರೋಪಿನವರು ಒಪ್ಪಲಿಲ್ಲ. ಹ್ಯೂಗೊ ಮೈಸಲ್ ಕಟ್ಟಿದ 1930ರ ದಶಕದ ಆಸ್ಟ್ರಿಯಾ ತಂಡದಲ್ಲೂ ಸೆಂಟರ್ ಹಾಫ್ ಯೋಸೆಫ್ ಸ್ಮಿಸ್ಟಿಕ್ ಹಳೆಯ ರೀತಿಯಲ್ಲೇ ಆಟ ನಡೆಸುತ್ತಿದ್ದ. ಗುಟ್‌ಮನ್ ಕೊನೆಗೆ ವಿಯೆನ್ನಾಕ್ಕೆ ಮರಳಿದಾಗ ಮೂವತ್ತಮೂರು ದಾಟಿದ್ದರೂ, ತಾನು ಕಲಿತ ಕೆಲಸಕ್ಕೆ ಇನ್ನೂ ಬೆಲೆಯಿದ್ದ ಊರಿಗೇ ಬಂದಿದ್ದ.

ಡ್ಯಾನ್ಯೂಬ್ ದಂಡೆ:

ಆದರೆ ಆ ಊರು ಬಹಳ ದಿನ ಹಾಗೆ ಉಳಿಯಲಿಲ್ಲ. ಗುಟ್‌ಮನ್ 1933ರಲ್ಲಿ ಆಡುವುದನ್ನು ನಿಲ್ಲಿಸಿ ಹಕೋವಾಗೆ ತರಬೇತುದಾರನಾದ, 1935ರಲ್ಲಿ ಹಾಲೆಂಡಿನ ಎನ್‌ಸ್ಖೆಡೆ ತಂಡಕ್ಕೆ ಹೋಗಿ, 1937ರಲ್ಲಿ ಮತ್ತೆ ಬಂದ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿತು. ಹಕೋವಾವನ್ನು ವಿಸರ್ಜಿಸಿದರು, ಪ್ರಾಟರ್ ಬಳಿಯ ಮೈದಾನವನ್ನು ಕಿತ್ತುಕೊಂಡರು, ಆ ಋತುವಿನಲ್ಲಿ ಹಕೋವಾ ಅದುವರೆಗೆ ಆಡಿದ್ದ ಪಂದ್ಯಗಳ ಫಲಿತಾಂಶಗಳನ್ನು ಪಟ್ಟಿಯಿಂದ ಅಳಿಸಿದರು. ದಾಖಲೆ ಪುಸ್ತಕದ ಪ್ರಕಾರ ಆ ಪಂದ್ಯಗಳು ನಡೆದೇ ಇಲ್ಲ.

ಈಗ ಅದೇ ಪ್ರಾಟರ್ ಪ್ರದೇಶದಲ್ಲಿ ಹಕೋವಾದ ಹೊಸ ಕ್ರೀಡಾ ಕೇಂದ್ರವಿದೆ, 2008ರಲ್ಲಿ ತೆರೆದದ್ದು. ಭಾನುವಾರ ನಡೆದಾಡಲು ಹೋದಾಗ ಅದರ ಬೇಲಿಯ ಪಕ್ಕದಲ್ಲೇ ಹಾದುಹೋಗುತ್ತೇನೆ. ನಗರದ ದೊಡ್ಡ ಸ್ಮಶಾನದ ಯಹೂದಿ ವಿಭಾಗದಲ್ಲಿ ಗುಟ್‌ಮನ್‌ನ ಸಮಾಧಿಯೂ ಇದೆ; 1981ರಲ್ಲಿ ಆತ ಸತ್ತದ್ದು ಇದೇ ಊರಿನಲ್ಲಿ.

ಶಾಲ್ಮಲಿ:

ಯುದ್ಧದ ವರ್ಷಗಳನ್ನು ಓಲೆಗರಿಯವರು ಒಂದು ಚಿಕ್ಕ ಪರಿಚ್ಛೇದದಲ್ಲಾದರೂ ಹೇಳಲೇಬೇಕು. 1939ರಲ್ಲಿ ಉಯ್‌ಪೆಸ್ಟ್ ತಂಡಕ್ಕೆ ಹಂಗೇರಿಯ ಲೀಗನ್ನೂ ಮಧ್ಯ ಯುರೋಪಿನ ಕ್ಲಬ್ಬುಗಳ ಮಿತ್ರೋಪಾ ಕಪ್ಪನ್ನೂ ಗೆಲ್ಲಿಸಿಕೊಟ್ಟ ತರಬೇತುದಾರ, 1944ರಲ್ಲಿ ಬುಡಾಪೆಸ್ಟಿನ ಮಗ್ಗುಲಿನ ಅದೇ ಉಯ್‌ಪೆಸ್ಟ್ ಊರಿನಲ್ಲಿ, ಮುಂದೆ ತನ್ನ ಹೆಂಡತಿಯಾದ ಮಾರಿಯಾನ್ನ್‌ಳ ಅಣ್ಣತಮ್ಮಂದಿರ ಮನೆಯ ಅಟ್ಟದ ಮೇಲೆ ಅಡಗಿ ಕೂತಿದ್ದ. ಆಮೇಲೆ ಕಡ್ಡಾಯ ದುಡಿಮೆಯ ಶಿಬಿರಕ್ಕೆ ಸಿಕ್ಕಿಬಿದ್ದು, ಅಲ್ಲಿಂದ ಇನ್ನೊಬ್ಬ ಯಹೂದಿ ತರಬೇತುದಾರ ಎರನೊ ಎರ್ಬ್‌ಸ್ಟೈನ್ ಮೊದಲಾದವರೊಡನೆ ಕಿಟಕಿಯಿಂದ ಹಾರಿ ತಪ್ಪಿಸಿಕೊಂಡ. ತಂದೆಯನ್ನೂ ಅಕ್ಕನನ್ನೂ ನಾಜಿಗಳು ಕೊಂದರು. ನೃತ್ಯ ಶಿಕ್ಷಕ ಅಬ್ರಹಾಂ ಗುಟ್‌ಮನ್ ಎಂದು ನೀವು ಮೊದಲ ಪರಿಚ್ಛೇದದಲ್ಲಿ ಬರೆದಿರುವ ತಂದೆ ಅವರೇ.

ದೇಶದ ಪ್ರಶ್ನೆಗೆ ನನ್ನ ಸಲಹೆ ಇಷ್ಟು: ಯಾವ ದೇಶದವನೆಂದು ಬರೆಯುವ ಬದಲು ಎಲ್ಲಿ ಹುಟ್ಟಿದ, ಯಾವ ಯಾವ ತಂಡಗಳಿಗೆ ಆಡಿದ ಎಂದು ಬರೆಯಿರಿ. ಹಂಗೇರಿಗೆ ಆಡಿದ್ದು ನಿಜ, ಹಂಗೇರಿ ಅವನನ್ನು ಬಿಟ್ಟದ್ದೂ ನಿಜ.

ಓಲೆಗರಿ:

ಹಾಗೇ ಮಾಡಿದ್ದೇನೆ. ಅಲೆಮಾರಿ ಎಂಬ ಪದವನ್ನು ತೆಗೆದುಹಾಕಿದ್ದೇನೆ, ಶಾಪದ ಕತೆಗೆ ಕೊನೆಯಲ್ಲಿ ಒಂದು ವಾಕ್ಯ ಕೊಟ್ಟಿದ್ದೇನೆ, ವೆಸ್ಟ್‌ಹ್ಯಾಂ ಗೆಲುವಿಗೆ ಮೀಸಲು ತಂಡವೆಂದು ಸೇರಿಸಿದ್ದೇನೆ. ಫಾಬಿಯನ್‌ನ ಗೋಲಿಗೆ ಒಂದು ಇಡೀ ಪರಿಚ್ಛೇದ ಹೋಗಿದೆ. ಮೊದಲ ಸಾಲು ಹೀಗಿದೆ: “ಬುಡಾಪೆಸ್ಟಿನ ಯಹೂದಿ ನೃತ್ಯ ಶಿಕ್ಷಕರ ಮಗನಾಗಿ ಹುಟ್ಟಿದ ಬೇಲಾ ಗುಟ್‌ಮನ್, ಎಂಟಿಕೆ, ವಿಯೆನ್ನಾದ ಹಕೋವಾ ಮತ್ತು ನ್ಯೂಯಾರ್ಕಿನ ತಂಡಗಳಿಗೆ ಆಡಿದ ರಕ್ಷಣಾ ಆಟಗಾರ.”

ಹಳೇ ಹಾಫ್‌ಬ್ಯಾಕ್:

ರಕ್ಷಣಾ ಆಟಗಾರನಲ್ಲ ಸ್ವಾಮಿ, ಸೆಂಟರ್ ಹಾಫ್. ಅಷ್ಟುದ್ದ ಬರೆದದ್ದು ಮತ್ತೇಕೆ?

ಓಲೆಗರಿ:

ಕ್ಷಮಿಸಿ. ತಿದ್ದಿದ್ದೇನೆ.